ಪ್ರಸ್ಥಾನಕ್ಕೆ ಇಟ್ಟ ಬೂಟು

ಮಿಲ್ಪಿಟಾಸ್
ಆಗಸ್ಟ್ 12, ಮಂಗಳವಾರ

ನನ್ನ ಹಟಮಾರಿ ಪುಟ್ಟಿಗೆ ಅಮ್ಮನ ಮುದ್ದು.

ಪೆಟ್ಟಿಗೆ ತೆರೆದ ಕೂಡಲೇ ಬೂಟು ಎತ್ತಿಕೊಂಡು ಓಡಬೇಡ. ಮೊದಲು ಈ ಕಾಗದ ಓದು. ಎಂಟು ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ನಿನ್ನನ್ನು ದರದರ ಎಳೆದುಕೊಂಡು ಹೋದದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ. ಫೋನಿಗೆ ತೋರಿಸಿ ಇಂಗ್ಲಿಷ್ ಮಾಡಿಸಿಕೊಳ್ಳಬೇಡ. ಇದು ನಮ್ಮಿಬ್ಬರ ನಡುವೆಯೇ ಇರಬೇಕಾದ ಮಾತು.

ಶನಿವಾರ ಬೆಳಿಗ್ಗೆ ನೀನು ಫೋನ್ ಮಾಡಿದಾಗ ನಾನು ಗ್ರೋಸರಿ ಮುಗಿಸಿ ಪಾರ್ಕಿಂಗಿನಲ್ಲಿ ನಿಂತಿದ್ದೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬಿನವರು ನಿನ್ನನ್ನು ಟೀಮಿಗೆ ತೆಗೆದುಕೊಂಡರು ಎಂದು ಹೇಳಿದ್ದೇ ತಡ, ಕರಿಬೇವಿನ ಕವರನ್ನು ಎದೆಗೆ ಅವುಚಿಕೊಂಡು ಕಾರಿಗೆ ಒರಗಿ ಅತ್ತುಬಿಟ್ಟೆ. ಬೇಜಾರಾಯಿತಾ ಎಂದು ಕೇಳಿದೆಯಲ್ಲ, ಇಲ್ಲ ಕಣೇ. ಮೂರು ವಾರದಿಂದ ಹೊತ್ತಿದ್ದ ಭಾರ ಅವತ್ತು ಇಳಿಯಿತು. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಸೋಫಾದ ಮೇಲೆ ಗೊರಕೆ ಹೊಡೆದೆನಂತೆ. ನಿನ್ನ ಅಪ್ಪ ಇನ್ನೂ ಆಡಿಕೊಳ್ಳುತ್ತಿದ್ದಾರೆ.

ಆ ಭಾರ ಏನೆಂದು ಈಗ ಹೇಳುತ್ತೇನೆ. ಸೆಲೆಕ್ಷನ್ನಿನ ಮೊದಲ ದಿನ ಬ್ಯಾಗು ತೆರೆದರೆ ಬೂಟೇ ಇಲ್ಲ ಎಂದು ನೀನು ಅಳುತ್ತಾ ಫೋನ್ ಮಾಡಿದ್ದೆ. ಅಪ್ಪ ವಿಮಾನದವರನ್ನು ವಾಚಾಮಗೋಚರ ಬೈದರು. ನಾನೂ ಪಕ್ಕದಲ್ಲಿ ಕೂತು ಹೂಂಗುಟ್ಟಿದೆ. ಪಾಪ, ಅವರದೇನೂ ತಪ್ಪಿಲ್ಲ. ಬೂಟು ತೆಗೆದವಳು ನಾನು.

ನೀನು ಹೊರಟದ್ದು ಮಂಗಳವಾರ. ಮಂಗಳವಾರ ಮನೆಯಿಂದ ಹೊರಡುವುದು ಒಳ್ಳೆಯದಲ್ಲ ಎಂದರೆ ನೀನು ಕೇಳುವವಳೇ? ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಹೊರಡುವವರ ಒಂದು ವಸ್ತುವನ್ನು ಒಳ್ಳೆಯ ಗಳಿಗೆಯಲ್ಲಿ ಮೊದಲೇ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದ ಹಾಗೆ. ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗಬೇಕು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಮೈಸೂರಿನಲ್ಲಿ ನನ್ನ ಅಜ್ಜಿ ಒಂದು ಸೀರೆ ಇಡುತ್ತಿದ್ದರು. ನೀನೋ ಸೂಟ್‌ಕೇಸಿಗೆ ಆಗಲೇ ಬೀಗ ಹಾಕಿದ್ದೆ, ಕೈಗೆ ಸಿಕ್ಕಿದ್ದು ನಿನ್ನ ಆಟದ ಬ್ಯಾಗು ಮಾತ್ರ. ಭಾನುವಾರ ನೀನು ಸ್ನಾನಕ್ಕೆ ಹೋದಾಗ ಬೂಟನ್ನು ಟವೆಲಿನಲ್ಲಿ ಸುತ್ತಿ, ಮೇಲೊಂದು ಅಡಿಕೆ ಇಟ್ಟು, ನಮ್ಮ ಬೀದಿಯ ಕೊನೆಯ ಸಂಯುಕ್ತಾ ಮನೆಯಲ್ಲಿ ಇಟ್ಟು ಬಂದೆ. ಕಾಲಿಗೆ ಹಾಕುವುದನ್ನು ಪ್ರಸ್ಥಾನಕ್ಕೆ ಇಟ್ಟವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ಮಂಗಳವಾರ ಟ್ರಾಫಿಕ್ಕಿನ ಗಡಿಬಿಡಿಯಲ್ಲಿ ಅದನ್ನು ತೆಗೆದುಕೊಳ್ಳುವುದು ಮರೆತೇಹೋಯಿತು.

ಮರುದಿನವೇ ಕಳಿಸಬಹುದಿತ್ತು. ಆದರೆ ಎಲ್ಲಿ ಸಿಕ್ಕಿತು ಎಂದು ನೀನು ಕೇಳುತ್ತಿದ್ದೆ. ಹೆದರಿ ಸುಮ್ಮನಾದೆ.

ಆ ಮೂರು ವಾರ ನಿನ್ನ ರೂಮಿನಲ್ಲಿ ಕೂತು ನಿನ್ನ ನೋಟ್‌ಬುಕ್ ಓದಿದೆ. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಮೊಟ್ಟಮೊದಲು ಆಡಿದ ಹೊರಗಿನವರ ಬಗ್ಗೆ ಹೈಸ್ಕೂಲಿನಲ್ಲಿ ಬರೆದಿದ್ದೆಯಲ್ಲ, ಅದೇ. ಅವರ ಆಟಕ್ಕೆ ಹೊರಗಿನ ಹುಡುಗಿಯನ್ನು ಯಾರು ಸೇರಿಸುತ್ತಾರೆ ಎಂದು ನಾನು ಅಂದಾಗಲೆಲ್ಲ ನೀನು ಅದನ್ನೇ ನನ್ನ ಮುಖಕ್ಕೆ ಹಿಡಿಯುತ್ತಿದ್ದೆ. ವಾರವಿಡೀ ಬ್ಯಾಂಕಿನಲ್ಲಿ ದುಡಿದು, ಸಂಬಳವಿಲ್ಲದೆ ಚೆಲ್ಸಿಗೆ ಆಡಿದ ಡೆನ್ಮಾರ್ಕಿನವನು ಅಪ್ಪನಿಗೆ ಇಷ್ಟ. ನನ್ನ ಕಣ್ಣು ಮಾತ್ರ ಹೋಗುತ್ತಿದ್ದದ್ದು ಆಫ್ರಿಕಾದಲ್ಲಿ ಹುಟ್ಟಿದ ಆ ಗೋಲ್‌ಕೀಪರ್ ವಾರ್ಟನ್ ಮೇಲೆ. ಕೊನೆಗೆ ಗಣಿಯಲ್ಲಿ ದುಡಿದು ಬಡವನಾಗಿ ಸತ್ತ, ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ ಎಂದು ನಾನು ಜಗಳ ತೆಗೆದಾಗ ನೀನು ಹೇಳಿದ್ದು ನೆನಪಿದೆಯಾ?

"ಕಲ್ಲು ಆಮೇಲೆ ಇಟ್ರು ಅಮ್ಮ. ಬಟ್ ಹೀ ಪ್ಲೇಡ್."

ನನಗೆ ಧೈರ್ಯ ಕೊಟ್ಟವನು ಈಜಿಪ್ಟಿನ ಹೆಗಾಜಿ. ಓದಲು ಬಂದವನು 1911ರಲ್ಲಿ ಫುಲಂ ಕ್ಲಬ್ಬಿನ ಪರವಾಗಿ ಒಂದೇ ಒಂದು ಪಂದ್ಯ ಆಡಿದ, ಗೋಲೂ ಹೊಡೆದ. ಆಮೇಲೆ ತನ್ನನ್ನು ಮೊದಲು ಸೇರಿಸಿಕೊಂಡ ಚಿಕ್ಕ ಕ್ಲಬ್ಬಿಗೇ ವಾಪಸ್ ಹೋದ. ಆ ಪುಟವನ್ನು ಮತ್ತೆ ಮತ್ತೆ ಓದಿದೆ. ನನ್ನ ಮಗಳೂ ಹಾಗೇ ಒಂದು ಪಂದ್ಯ ಆಡಿ ಮನೆಗೆ ಬರಲಿ ಎಂದು ದೇವರಲ್ಲಿ ಕೇಳಿಕೊಂಡೆ. ನಿನ್ನ ಆಸೆಗೆ ಅಡ್ಡಬರುವ ಕೋರಿಕೆ ಅದು. ತಪ್ಪಾಯಿತು.

ನೀನು ಯಾರದೋ ಬೂಟು ಇಸಕೊಂಡು, ದೊಡ್ಡದಾಯಿತೆಂದು ಎರಡು ಜೊತೆ ಸಾಕ್ಸ್ ಹಾಕಿ, ಕಾಲಿಗೆ ಬೊಬ್ಬೆ ಬರಿಸಿಕೊಂಡು ಆಡಿ ಗೆದ್ದೆ. ಬೂಟು ಕೊಟ್ಟ ಆ ಹುಡುಗಿಯೂ ಬೇರೆ ದೇಶದವಳಂತಲ್ಲ. ಅವಳಿಗೆಂದೇ ಒಂದು ಡಬ್ಬಿ ಕೋಡುಬಳೆ ಇಟ್ಟಿದ್ದೇನೆ, ನೀನು ಮುಗಿಸಬೇಡ. ಅಂಥವಳೊಬ್ಬಳು ಜೊತೆಗಿದ್ದಾಳೆ ಎಂದು ತಿಳಿದ ಮೇಲೆ ನನಗೆ ಎಷ್ಟೋ ಸಮಾಧಾನ. ನೋಟ್‌ಬುಕ್ಕನ್ನೂ ಕಳಿಸಿದ್ದೇನೆ. ಅದರ ಕೊನೆಯ ಪುಟದಲ್ಲಿ, ಎಲ್ಲರ ಕೆಳಗೆ, ನಿನ್ನ ಹೆಸರು ಬರೆದಿದ್ದೇನೆ. ದೃಷ್ಟಿಯಾದೀತೆಂದು ಸದ್ಯಕ್ಕೆ ಪೆನ್ಸಿಲಿನಲ್ಲಿ. ಮೊದಲ ಮ್ಯಾಚು ಆದಮೇಲೆ ನೀನೇ ಪೆನ್ನಿನಲ್ಲಿ ತಿದ್ದಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮೇಲೆ ಸಿಟ್ಟಿಲ್ಲದ, ನಿನ್ನ ಸಿಟ್ಟಿಗೆ ಕಾದಿರುವ
ಅಮ್ಮ
ಶೈಲಜಾ

ಮರೆತ ಮಾತು: ಇದೂ ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬೂಟು ಮರೆತೆ ಎಂದು ಮೇಲೆ ಬರೆದದ್ದು ಸುಳ್ಳು. ಅವತ್ತು ನಮ್ಮ ಕಾರು ಹಾದುಹೋಗುವಾಗ ಸಂಯುಕ್ತಾ ಟವೆಲಿನ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನೀನು ಫೋನ್ ನೋಡುತ್ತಿದ್ದೆ. ಅಪ್ಪ ನಿಲ್ಲಿಸಲೇ ಎಂದು ಕೇಳಿದರು. ಅವಳು ಟಾಟಾ ಮಾಡಲು ನಿಂತಿದ್ದಾಳೆ, ಹೊತ್ತಾಯಿತು ನಡೀರಿ ಎಂದು ನಾನು ಅವಳಿಗೆ ಕೈ ಬೀಸಿದೆ. ಇವತ್ತೂ ಮಂಗಳವಾರ. ಗಂಟು ಇಸಕೊಂಡು ಬಂದು, ಗಳಿಗೆ ನೋಡದೆ, ಸೀದಾ ಪೋಸ್ಟ್ ಆಫೀಸಿಗೆ ಹೊರಟಿದ್ದೇನೆ.