ಕಿಟಕಿಯ ಹಲಗೆಯ ಮೇಲಿನ ಬೂದಿ

೧೪ ಮಾರ್ಚ್, ಭಾನುವಾರ

ಪ್ರೀತಿಯ ಚಿನ್ನು,

ಚೆನ್ನಾಗಿದ್ದೀಯಾ? ಪುಟ್ಟಿ ಹೇಗಿದ್ದಾಳೆ? ಹದಿನಾರರ ನಿನ್ನ ಮಗಳನ್ನು ಇನ್ನೂ ಪುಟ್ಟಿ ಎನ್ನುವವರು ನಾನು, ಅಪ್ಪ ಇಬ್ಬರೇ ಇರಬೇಕು. ಇನ್‌ಹೇಲರ್ ಈಗಲೂ ಚೀಲದಲ್ಲೇ ಇರುತ್ತದಾ? ನಿನ್ನ ಹುಟ್ಟುಹಬ್ಬಕ್ಕೆಂದು ಶುರು ಮಾಡಿದ ಕಾಗದವಿದು, ನಾಲ್ಕು ತಿಂಗಳು ತಡ. ಕೆಲಸದ ನೆಪ ಹೇಳೋಣವೆಂದರೆ ಕೆಲಸವೇ ಮುಗಿಯಿತು. ಕಳೆದ ಸೋಮವಾರ ನಮ್ಮ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಶಾಶ್ವತವಾಗಿ ನಿಲ್ಲಿಸಿದರು.

ಹಳಬರನ್ನೆಲ್ಲ ಕರೆಸಿದ್ದರು. ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂದು ಗಂಟೆ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಎಂಜಿನಿಯರ್, "ಯಜಮಾನ್ರೇ, ಕೊನೇ ಬಟನ್ ನೀವೇ ಒತ್ತಿ" ಎಂದ. "ನಂಗೆ ಸಂಬಳ ಕೊಟ್ಟಿದ್ದು ಹಚ್ಚೋಕಪ್ಪ, ಆರಿಸೋಕಲ್ಲ. ನೀನೇ ಒತ್ಕೋ" ಎಂದರು ಅಪ್ಪ. ಎಲ್ಲರೂ ನಕ್ಕರು. ಆಮೇಲೆ ಟರ್ಬೈನಿನ ಸದ್ದು ಇಳಿಯುತ್ತಾ ಹೋಯಿತು. ಪೂರ್ತಿ ನಿಲ್ಲಲು ಅರ್ಧ ಗಂಟೆ ಹಿಡಿಯಿತು, ಯಾರೂ ಕದಲಲಿಲ್ಲ.

ರಾಜ್ಯಕ್ಕೆ ಇನ್ನು ಬಿಸಿಲಿನಿಂದ ಕರೆಂಟಂತೆ. ನಾನು ದೀಪ ಆರಿಸದೆ ಬಂದರೆ ಅಪ್ಪ, "ಆರಿಸೇ, ಬಿಸಿಲು ಖರ್ಚಾಗುತ್ತೆ" ಎಂದು ರೇಗಿಸುತ್ತಾರೆ.

ಅವರ ಬೆಳಗಿನ ಆಟ ನಿನಗೆ ನೆನಪಿರಬೇಕು. ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೆ ಬೆರಳಾಡಿಸಿ, ಅಂಟಿದ ಧೂಳು ನೋಡಿ, "ಇವತ್ತಿನ ಕಲ್ಲಿದ್ದಲಲ್ಲಿ ಬೂದಿ ನೂರಕ್ಕೆ ಮೂವತ್ತೆಂಟು" ಎಂದು ಪಂಥ ಕಟ್ಟುವುದು. ಸಂಜೆ ನಾನು ಸ್ಥಾವರದ ಪ್ರಯೋಗಾಲಯದಲ್ಲಿ ಸುಟ್ಟು ತೂಗಿದ ನಿಜವಾದ ಅಂಕಿ ತರುವುದು. ಹತ್ತಿರ ಬಂದರೆ ಸಾಕು, "ನಿನ್ನ ಎಂ.ಎಸ್ಸಿ.ಗಿಂತ ನನ್ನ ಬೆರಳೇ ವಾಸಿ!"

ನಿನ್ನೆಯೂ ಬೆರಳಾಡಿಸಿದರು. ಬೆಳಕಿಗೆ ಹಿಡಿದು ನೋಡಿ, "ಏನೂ ಇಲ್ಲ ಕಣೇ" ಎಂದು ನನ್ನತ್ತ ಚಾಚಿದರು. ನಾನು ಬಟ್ಟೆ ತಂದು ಆ ಹಲಗೆಯನ್ನೇ ಒರೆಸಿದೆ.

"ಇನ್ಮೇಲಾದ್ರೂ ಪುಟ್ಟಿ ಬರ್ತಾಳಾ?" ಎಂದು ಕೇಳಿದರು. ಅವರು ಮೊಮ್ಮಗಳನ್ನು ನೋಡಿ ಹತ್ತು ವರ್ಷವಾಯಿತು. "ಬರೆದು ಕೇಳ್ತೀನಿ" ಎಂದೆ. ಬರುತ್ತೀರಾ?

ಇಬ್ಬರೂ ತುಂಬು ಉಸಿರಿನಿಂದ ಬಾಳಿ.

ನಿನ್ನ ಅಕ್ಕ

ಮತ್ತೊಂದು ಮಾತು. ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪುಟ್ಟಿಗೆ ನಾಲ್ಕು ವರ್ಷವಿದ್ದಾಗ, ಮೊದಲ ಸಲ ಉಸಿರು ಕಟ್ಟಿದ ವಾರ, ನೀನು ಅದೇ ಕಿಟಕಿಯ ಬಳಿ ನಿಂತು, "ಅಕ್ಕಾ, ಧೂಳು ಜಾಸ್ತಿಯಾಗಿದೆ. ನಿಜ ಹೇಳು, ಗಾಳೀಲಿ ಏನಾದ್ರೂ ಇದೆಯಾ?" ಎಂದೆ. "ಏನೂ ಇಲ್ಲ ಕಣೇ" ಎಂದೆ ನಾನು. ಚಿಮಣಿಯ ಬೂದಿ ಹಿಡಿಯುವ ಯಂತ್ರ ಕೆಟ್ಟು ಹನ್ನೊಂದು ದಿನವಾಗಿತ್ತು. ಗಾಳಿಯಲ್ಲಿನ ಬೂದಿಯ ಅಳತೆ ತೆಗೆದವಳು ನಾನೇ. ಹೇಳಿದರೆ ಅವಳನ್ನೆತ್ತಿಕೊಂಡು ಹೊರಟುಬಿಡುತ್ತೀಯ, ಮನೆ ಬಿಕೋ ಎನ್ನುತ್ತದೆ ಎಂದು ಹೆದರಿದೆ. ನನ್ನ ಮಾತು ನಂಬಿ ನೀನು ಇನ್ನೂ ಎರಡು ವರ್ಷ ಇಲ್ಲೇ ಉಳಿದೆ.

ಇದು ತಿಳಿದ ಮೇಲೂ ಬರುವುದಾದರೆ ಬಾ. ಅಪ್ಪನಿಗೆ ಹೇಳುವುದು, ಬಿಡುವುದು ನಿನಗೆ ಸೇರಿದ್ದು. ಪುಟ್ಟಿಗೆ ಮಾತ್ರ ನಾನೇ ಹೇಳಬೇಕು.