ನನ್ನ ಹೆಸರಿನ ಎಡೆ

24 ಆಗಸ್ಟ್ 1979, ಶುಕ್ರವಾರ. ತಾಳಮಲೆ

ಮೂರನೇ ಕ್ಲಾಸಿನ ಕಾಪಿ ಪುಸ್ತಕ ಅರ್ಧ ತಿದ್ದಿ ಇಟ್ಟೆ. ಸೀಮೆಎಣ್ಣೆ ಮುಗಿದಿದೆ, ಸ್ಟೌವ್ ಹಚ್ಚೋ ಹಾಗಿಲ್ಲ. ಬೆಳಗಿನ ತಂಗಳನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆ. ಉಪ್ಪು ಜಾಸ್ತಿಯಾಗಿತ್ತು.

ನಾಳೆ ಗೌರಿ ಹಬ್ಬ. ಮಕ್ಕಳು ಮಧ್ಯಾಹ್ನದಿಂದಲೇ ಕಿಟಕಿ ಆಚೆ ನೋಡುತ್ತಿದ್ದವು. ಬೇಗ ಬೆಲ್ ಹೊಡೆಸಿದೆ. ಹೆಡ್ ಮೇಷ್ಟ್ರು ಏನೂ ಅನ್ನಲಿಲ್ಲ — ಅವರಿಗೂ ಬಸ್ಸಿನ ಆತುರ.

ಮನೆ ಓನರ್ ಪುಟ್ಟನಂಜಮ್ಮ ಜಗಲಿ ಸಾರಿಸುತ್ತಾ ಕೇಳಿದಳು. "ಯಾಕ್ ಟೀಚರಮ್ಮ, ಊರಿಂದ ಯಾರೂ ಕರಿಯಕ ಬರ್ನಿಲ್ವ?"

"ನಾಳೆ ನಾನೇ ಹೋಗ್ತೀನಿ. ಅವ್ವ ಕಾಯ್ತಿರ್ತಾಳೆ."

ಎಷ್ಟು ಸಲೀಸಾಗಿ ಬಂತು. ಯುಗಾದಿಗೂ ಹೀಗೇ ಅಂದಿದ್ದೆ. ಸತ್ಯಮಂಗಲಕ್ಕೆ ಇಳಿದು, ಬಸ್ ಸ್ಟ್ಯಾಂಡಿನಲ್ಲಿ ದಿನವೆಲ್ಲ ಕೂತು, ಹೋಟೆಲಿನಲ್ಲಿ ಒಬ್ಬಟ್ಟು ಕಟ್ಟಿಸಿಕೊಂಡು ವಾಪಸ್ ಬಂದೆ. ಅವ್ವ ಮಾಡಿದ್ದು ಅಂತ ಪುಟ್ಟನಂಜಮ್ಮನಿಗೆ ಕೊಟ್ಟೆ. ತಿಂದು, ನಿಮ್ಮವ್ವನ ಕೈ ಚಂದ ಅಂದಳು. ಹೋಟೆಲ್ ಭಟ್ಟನ ಪುಣ್ಯ.

ಈ ಸಲ ಚಾಮರಾಜನಗರ. ಸತ್ಯಮಂಗಲ ತಮಿಳು ಸೀಮೆ, ಆ ಕಡೆ ಗೌರಿ ಹಬ್ಬದ ಸಾಮಾನು ಸಿಗಲ್ಲ.

25 ಆಗಸ್ಟ್, ಶನಿವಾರ. ಚಾಮರಾಜನಗರ ಬಸ್ ಸ್ಟ್ಯಾಂಡ್, 11 ಗಂಟೆ

ಹಸಿರು ಬಳೆ, ಅರಿಶಿನ ಕುಂಕುಮ, ಒಂದು ರವಿಕೆ ಪೀಸು. ನನಗೆ ನಾನೇ ತವರು. ಅಂಗಡಿಯವನು ಬಳೆ ಕಟ್ಟಿಕೊಡುತ್ತಾ, ಅಮ್ಮಂಗಾ ಅಂದ. ಹೂಂ ಅಂದೆ.

ಸಂಜೆವರೆಗೂ ಇಲ್ಲೇ ಕೂರಬೇಕು. ಬೇಗ ಹೋದರೆ ಅನುಮಾನ ಬರುತ್ತೆ. ಎದುರಿಗೆ ಅಣ್ಣಂದಿರು ತಂಗಿಯರನ್ನ ಬಸ್ಸಿಂದ ಇಳಿಸಿಕೊಳ್ಳುತ್ತಾ ಇದಾರೆ. ನೋಡಬಾರದು ಅಂತ ಬರೀತಾ ಕೂತೆ.

ಅದೇ ದಿನ, ತಾಳಮಲೆ

ಬರೀಬೇಕೋ ಬೇಡವೋ.

ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಗೌರಮ್ಮ ಸಿಕ್ಕಳು. ನನ್ನೂರು ಪಣಕಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವಳು. ಮಗಳಿಗೆ ಬಾಗಿನ ಕೊಡೋಕೆ ಮೊರ ಹೊತ್ತು ಬಂದಿದ್ದಳು. ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿದಳು.

"ಕೆಂಪಯ್ಯನ ಮಗ್ಳಲ್ವಾ ನೀನು. ವಸಂತಿ. ಏನಮ್ಮಿ, ಇಷ್ಟು ಬಡವಾಗಿದ್ದೈ."

ಅವ್ವ ಹೇಗಿದಾಳೆ ಅಂದೆ. ಮೊರ ಕೆಳಗಿಟ್ಟಳು.

"ಯೋಳ್ಬಾರ್ದು ಕಣವ್ವ. ಆದ್ರೂ ಯೋಳ್ತೀನಿ. ಮಾರ್ನಮಿ ಅಮಾಸ ದಿನ ನಿಮ್ಮಪ್ಪನ್ ಎಡೆ ಪಕ್ಕದಲ್ಲಿ ನಿನ್ಗೂ ಒಂದ್ ಎಡೆ ಇಡ್ತಾವ್ಳ. ಎಲ್ಡು ವರ್ಸದಿಂದ."

"ನನಗಾ?"

"ನಿನ್ಗೇಯ. ಸೀರ ಇಟ್ಟು, ಬಳ ಇಟ್ಟು, ಧೂಪ ಆಕಿ. ನಾವೆಲ್ಲ ಬ್ಯಾಡ ಕಣ ರಾಚಮ್ಮ, ಬದ್ಕಿರೋ ಮಗ್ಳು ಅಂದೊ. ನನ್ನ್ ಪಾಲ್ಗ ಸತ್ತವ್ಳ ಅಂದ್ಬುಟ್ಳು."

ಅವಳ ಬಸ್ ಬಂತು. ಹೋಗುವಾಗ ಮೊರದಿಂದ ಒಂದು ಹಿಡಿ ಹೂವು ತೆಗೆದು ನನ್ನ ಕೈಗೆ ಹಾಕಿದಳು. ಮಗಳ ಪಾಲಿನದು.

ಪುಟ್ಟನಂಜಮ್ಮ ರವಿಕೆ ಪೀಸು ಬೆಳಕಿಗೆ ಹಿಡಿದು ನೋಡಿ, ನಿಮ್ಮವ್ವ ಚಂದಾಗಿ ಆರಿಸವ್ಳ ಅಂದಳು.

26 ಆಗಸ್ಟ್, ಭಾನುವಾರ

ಊಟ ಸೇರಲಿಲ್ಲ.

29 ಆಗಸ್ಟ್, ಬುಧವಾರ

ಇವತ್ತು ಸಿಟ್ಟು ಬಂದಿದೆ. ಅಳುವುದಕ್ಕಿಂತ ವಾಸಿ.

ನಾನೇನು ಮಾಡಿದೆ? ಮಲ್ಲಪ್ಪ ಮಾವನ್ನ ಮದುವೆ ಆಗಲ್ಲ ಅಂದೆ. ಅಷ್ಟೇ. ವೀಳ್ಯಶಾಸ್ತ್ರದ ಹಿಂದಿನ ದಿನ ಅಂದೆ, ಅದು ತಪ್ಪು ಅಂತಾದರೆ ತಪ್ಪೇ. ಮುಂಚೆ ಅಂದಿದ್ದನ್ನ ಯಾರು ಕಿವಿಗೆ ಹಾಕಿಕೊಂಡರು? ಬಟ್ಟೆ ಗಂಟು ಕಟ್ಟಿಕೊಂಡು ಟ್ರೈನಿಂಗ್ ಹಾಸ್ಟೆಲಿಗೆ ಓಡಿದೆ.

ಮಾವ ಕೆಟ್ಟವನಲ್ಲ. ಅದೇ ಕಷ್ಟ. ಅಪ್ಪ ಸತ್ತಾಗ ಅವ್ವನ ತಮ್ಮ, ಮೀಸೆ ಬಾರದ ಹುಡುಗ, ತನ್ನೂರು ಬಿಟ್ಟು ಬಂದು ನಮ್ಮ ಹೊಲಕ್ಕೆ ನೇಗಿಲು ಹಿಡಿದ. ಅವನಿಲ್ಲದಿದ್ದರೆ ನಾವಿಬ್ಬರೂ ಯಾರದೋ ಮನೆ ಕಸ ಗುಡಿಸುತ್ತಿದ್ದೆವು. ಅವ್ವ ಅವತ್ತೇ ಅವನಿಗೆ ಮಾತು ಕೊಟ್ಟಳಂತೆ, ಮಗಳು ನಿನಗೇ ಅಂತ. ನನಗಾಗ ಏಳು ವರ್ಷ. ಅವನ ಹೆಗಲ ಮೇಲೆ ಕೂತು ಇಸ್ಕೂಲಿಗೆ ಹೋದವಳು ನಾನು. ಆ ಹೆಗಲಿನವನನ್ನ ಗಂಡ ಅನ್ನೋಕೆ ಹೇಗಾಗುತ್ತೆ?

ಅವನಿಗೀಗ ಹೆಂಡತಿ ಇದಾಳೆ. ಗುಂಡ್ಲುಪೇಟೆ ಕಡೆಯವಳು. ಎಲ್ಲ ನಮ್ಮ ಮನೆಯಲ್ಲೇ ಇದಾರೆ. ಸುಖವಾಗೇ ಇದಾರಂತೆ. ಆದರೂ ಅವ್ವನ ಮಾತು ಮುರಿದದ್ದು ಮುರಿದದ್ದೇ. ತಮ್ಮನ ಎದುರಿಗೆ ತಲೆ ಎತ್ತಬೇಕಾದರೆ ಮಗಳು ಸಾಯಬೇಕು.

ಸಾಯಲಿಲ್ಲವಲ್ಲ ನಾನು. ತಿಂಗಳಾ ತಿಂಗಳಾ ಸಂಬಳದ ರಿಜಿಸ್ಟರಿಗೆ ಸೈನ್ ಮಾಡ್ತಿದೀನಿ.

8 ಸೆಪ್ಟೆಂಬರ್, ಶನಿವಾರ

ನಾವಿನ್ನು ಕೊಯಮತ್ತೂರು ಜಿಲ್ಲೆ ಅಲ್ಲವಂತೆ. ಪೆರಿಯಾರ್ ಜಿಲ್ಲೆ. ಹೆಡ್ ಮೇಷ್ಟ್ರು ಹೊಸ ಸೀಲ್ ಯಾವಾಗ ಬರುತ್ತೋ ಅಂತ ಗೊಣಗುತ್ತಿದ್ದರು. ಕೂತಲ್ಲೇ ಜಿಲ್ಲೆ ಬದಲಾಗುತ್ತೆ. ನಾನು ಕೂತಲ್ಲೇ ಸತ್ತಿದೀನಿ.

ಪುಟ್ಟನಂಜಮ್ಮನ್ನ ಕೇಳಿದೆ, ಬೇರೆ ಯಾರದೋ ಕಥೆ ಅನ್ನೋ ಹಾಗೆ. ಬದುಕಿರೋರಿಗೆ ಎಡೆ ಇಟ್ಟರೆ ಏನಾಗುತ್ತೆ?

"ಅಯ್ಯೋ ಬುಡಿ ಟೀಚರಮ್ಮ. ಅಂತಾದ್ದ ಯಾರ್ ಮಾಡ್ತಾರ? ಆಯುಸ್ಸು ಕಮ್ಮಿ ಆಯ್ತದ."

ಆಗಲಿ. ಹಬ್ಬಗಳಾದರೂ ಕಮ್ಮಿಯಾಗುತ್ತವೆ.

ತಲೆನೋವು ಬಿಡುತ್ತಿಲ್ಲ.

15 ಸೆಪ್ಟೆಂಬರ್, ಶನಿವಾರ

ಅಮಾವಾಸ್ಯೆ ಬರೋ ಶುಕ್ರವಾರ. ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆದು ಅರ್ಧಕ್ಕೇ ನಿಂತೆ. ಮಕ್ಕಳು ಕಾಯುತ್ತಿದ್ದವು.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಆಚೆ ಬರಬೇಕು. ಮುಂಬಾಗಿಲು ಹಾಕಿಕೊಂಡು ಜಗಲಿ ಮೇಲೆ ನಿಲ್ಲೋದು. ಒಳಗೆ ಹಿರಿಯರು ಬಂದು ಉಂಡು ಹೋಗಲಿ ಅಂತ. ಚಿಕ್ಕವಳಿದ್ದಾಗ ನಾನೂ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಅಪ್ಪ ಬಂದನಾ ಅಂತ ನೋಡಿ ಏಟು ತಿಂದಿದೀನಿ.

ಆ ಹೊತ್ತಿನಲ್ಲಿ ಒಳಗೆ ಯಾರೂ ಇರಲ್ಲ. ಹಿತ್ತಿಲ ಕಡೆಯಿಂದ ಹೋಗಿ ಕೂತುಬಿಡೋದು. ಬಾಗಿಲು ತೆಗೆದಾಗ ಬದುಕಿರೋ ಮಗಳು ಕಣ್ಣೆದುರಿಗೇ ಇರಬೇಕು. ಆಮೇಲೆ ಏನಾದರೂ ಮಾಡಲಿ. ಪೊರಕೆ ತಗೊಂಡು ಹೊಡೀಲಿ. ಸತ್ತವಳಿಗೆ ಯಾರೂ ಹೊಡೆಯಲ್ಲ.

ಹುಚ್ಚು ಅಂತ ಗೊತ್ತು. ಬೇರೆ ದಾರಿ ಇದ್ದರೆ ಯಾರಾದರೂ ಹೇಳಲಿ.

20 ಸೆಪ್ಟೆಂಬರ್, ಗುರುವಾರ

ಸಿ.ಎಲ್. ಬರೆದುಕೊಟ್ಟೆ. ಕಾರಣ: ಮನೆಯಲ್ಲಿ ಹಿರಿಯರ ಹಬ್ಬ. ಮೂರು ವರ್ಷದಲ್ಲಿ ಮೊದಲನೇ ಸಲ ನಿಜ ಬರೆದದ್ದು.

21 ಸೆಪ್ಟೆಂಬರ್, ಶುಕ್ರವಾರ. ತಾಳವಾಡಿ, ಬಸ್ಸಿಗೆ ಕಾಯುತ್ತಾ

ಬರೆಯದಿದ್ದರೆ ಇದು ನಡೀಲೇ ಇಲ್ಲ ಅಂತ ನಾಳೆ ನನಗೇ ಅನ್ನಿಸುತ್ತೆ.

ಪಣಕಹಳ್ಳಿಗೆ ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಹೋದೆ. ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಮುಸುಕಿನ ಜೋಳ, ಆಳುದ್ದ ಬೆಳೆದಿದೆ. ಒಳಗೆ ಕೂತೆ. ಒಗ್ಗರಣೆ ವಾಸನೆ, ಆಮೇಲೆ ಧೂಪದ ವಾಸನೆ. ಅವ್ವನ ದನಿ ಕೇಳಿತು. ಎಲ್ಲಾ ಆಚ್ಗ ಬನ್ನಿ, ಐಕಳ ಎತ್ಕೊಳ್ಳಿ ಅಂತ. ಮುಂಬಾಗಿಲು ಹಾಕಿದ ಸದ್ದು.

ಹಿತ್ತಿಲ ಬಾಗಿಲು ತಳ್ಳಿದೆ. ಅಗಣಿ ಹಾಕಿರಲಿಲ್ಲ. ಮರೆತಿದ್ದರೇನೋ.

ನಡುಮನೆಯಲ್ಲಿ ಮೂರು ಎಲೆ. ಅಜ್ಜಿದು, ಅಪ್ಪಂದು, ನಂದು. ಅಪ್ಪನ ಎಲೆ ಪಕ್ಕ ಒಂದು ಕಟ್ಟು ಬೀಡಿ, ಬೆಂಕಿಪೆಟ್ಟಿಗೆ. ನನ್ನ ಎಲೆ ಪಕ್ಕ ಈರುಳ್ಳಿ ಬಣ್ಣದ ಸೀರೆ, ಅದರ ಮೇಲೆ ಒಂದು ಪೆನ್ನು. ಹೊಸದು. ಸತ್ತವರಿಗೆ ಇಷ್ಟವಾದದ್ದನ್ನ ಇಡಬೇಕಲ್ಲ.

ಸುಮ್ಮನೆ ಕೂರೋದು ಅಂತಲೇ ಹೋದದ್ದು. ಮುಟ್ಟಬಾರದು ಅಂದುಕೊಂಡಿದ್ದೆ. ಆದರೆ ಅನ್ನದ ಮೇಲೆ ಹಪ್ಪಳ ಪುಡಿ ಮಾಡಿ ಉದುರಿಸಿದ್ದಳು. ಚಿಕ್ಕಂದಿನಲ್ಲಿ ಹಾಗೆ ಮಾಡಿಕೊಟ್ಟರೆ ಮಾತ್ರ ನಾನು ಉಣ್ಣುತ್ತಿದ್ದದ್ದು. ಊರಿಗೆಲ್ಲ ಸತ್ತಳು ಅಂತ ಹೇಳುವವಳು ಒಲೆ ಮುಂದೆ ಕೂತು ಅದನ್ನ ನೆನಪಿಟ್ಟುಕೊಂಡು ಪುಡಿ ಮಾಡಿದಾಳೆ.

ಉಂಡೆ. ಅಳುತ್ತಾ ಉಂಡೆ. ಅಪ್ಪನ ಪಕ್ಕ ಕೂತು ಉಂಡ ನೆನಪೇ ಇಲ್ಲ ನನಗೆ. ಇವತ್ತು ಆಯಿತು.

ಬಾಗಿಲು ತೆಗೆಯೋ ಮುಂಚೆ ಚಿಲಕ ಅಲ್ಲಾಡಿಸೋದು ರೂಢಿ. ಉಣ್ಣುತ್ತಿರೋ ಹಿರಿಯರಿಗೆ ತಿಳಿಯಲಿ ಅಂತ. ಚಿಲಕ ಅಲ್ಲಾಡಿತು. ನಾನು ಏಳಲಿಲ್ಲ. ಬಾಯಲ್ಲಿ ತುತ್ತಿತ್ತು.

ಅವ್ವನೇ ಮೊದಲು ಬಂದದ್ದು. ಕೂದಲು ಪೂರ್ತಿ ಬಿಳಿ. ಬಾಗಿಲು ಒಂದು ಗೇಣು ತೆಗೆದು ನಿಂತಳು. ಹಿಂದಿನವರಿಗೆ ಕಾಣದ ಹಾಗೆ ಮೈಯನ್ನ ಅಡ್ಡ ಇಟ್ಟಳು. ಎಲೆ ನೋಡಿದಳು. ಎಲೆ ಮೇಲಿದ್ದ ನನ್ನ ಕೈ ನೋಡಿದಳು. ಮುಖ ನೋಡಲಿಲ್ಲ. ನಾನು ಅವ್ವಾ ಅಂದೆನೋ ಇಲ್ಲವೋ ಗೊತ್ತಿಲ್ಲ. ಅಂದಿದ್ದರೂ ದನಿ ಬಂದಿರಲಿಕ್ಕಿಲ್ಲ.

ಬಾಗಿಲು ಎಳೆದುಕೊಂಡಳು.

ಆಚೆ ಮಾವನ ದನಿ. "ಯಾಕಕ್ಕ, ಮತ್ತ ಬಾಗ್ಲ ಆಕ್ದ?"

"ಇನ್ನೂ ಉಣ್ತಾವ್ರ ಕಣ್ಲಾ. ತಡಿ."

ತುಂಬಾ ಹೊತ್ತು ಬಿಟ್ಟಳು. ಮಾವನ ಐಕಳು ಹಸಿವು ಅಂತ ಅತ್ತವು. ಯಾರೋ ನಕ್ಕರು. ಅಪ್ಪನಿಗೂ ಅಜ್ಜಿಗೂ ಅವಳು ಯಾವತ್ತೂ ಅಷ್ಟು ಹೊತ್ತು ಬಿಟ್ಟವಳಲ್ಲ. ನಾನು ಎಲೆ ಪೂರ್ತಿ ಖಾಲಿ ಮಾಡಿದೆ. ಒಂದಗುಳು ಬಿಡಲಿಲ್ಲ.

ಆಮೇಲೆ ಚಿಲಕ ಮತ್ತೆ ಅಲ್ಲಾಡಿತು. ಜೋರಾಗಿ. ನಿಲ್ಲಿಸಲೇ ಇಲ್ಲ. ಹೋಗು ಅಂತ.

ಕೂತೇ ಇರ್ತೀನಿ ಅಂತ ಬಂದಿದ್ದವಳು, ಎದ್ದು ಬಂದುಬಿಟ್ಟೆ. ಪೆನ್ನು ಮುಟ್ಟಲಿಲ್ಲ. ತರಬೇಕಿತ್ತು ಅಂತ ಈಗ ಅನ್ನಿಸುತ್ತಿದೆ.

22 ಸೆಪ್ಟೆಂಬರ್, ಶನಿವಾರ

ಕರುಳಾ, ಮರ್ಯಾದೆಯಾ. ರಾತ್ರಿಯೆಲ್ಲ ಅದೇ. ನಾನು ಉಣ್ಣಲಿ ಅಂತ ಬಾಗಿಲು ಹಾಕಿದಳಾ, ತಮ್ಮನ ಕಣ್ಣಿಗೆ ಬೀಳದಿರಲಿ ಅಂತಲಾ? ಎರಡೂ ಇರಬಹುದು. ಎರಡರಲ್ಲೂ ನಾನು ಸತ್ತೇ ಇದೀನಿ.

19 ಅಕ್ಟೋಬರ್, ಶುಕ್ರವಾರ

ನಾಳೆ ದೀಪಾವಳಿ. ತಾಳವಾಡಿಗೆ ಹೋಗಿದ್ದೆ, ಅವ್ವ ಕೊಡಿಸೋ ಸೀರೆ ಕೊಳ್ಳೋಕೆ. ಅಂಗಡಿಯಲ್ಲಿ ಪುಟ್ಟಗೌರಮ್ಮ. ನನ್ನ ತೋಳು ಹಿಡಿದು ಮೂಲೆಗೆ ಎಳೆದಳು.

"ನಿಮ್ಮವ್ವನ ಆಟ ಕೇಳ್ದ್ಯಾ. ಊರ್ಗೆಲ್ಲ ಯೋಳ್ಕ ತಿರುಗ್ತಾವ್ಳ. ನನ್ ಮಗ್ಳು ಬಂದು ಉಂಡೋದ್ಲು, ಎಲೆ ತೊಳ್ದಂಗಿತ್ತು ಅಂತ. ಬಾಯ್ತುಂಬ ನಗ್ತಾಳ. ನಿಮ್ಮಪ್ಪ ಓದ್ಮೇಲ ನಾ ಅವ್ಳ ನಗೋದ್ನ ಕಂಡಿರ್ನಿಲ್ಲ."

ನಾನು ಸೀರೆ ಮಡಿಕೆ ನೋಡುತ್ತಾ ನಿಂತೆ.

"ನೀನೇಯ?" ಅಂದಳು.

ಕೈಯಲ್ಲಿದ್ದ ಸೀರೆ ಕೆಳಗಿಟ್ಟೆ. ಅವಳಿಗೆ ಅಷ್ಟೇ ಸಾಕಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಂಗಾರ ಕೇಳು. ಮೊನ್ನ ಮಲ್ಲಪ್ಪನ ಎಂಡ್ತಿಗ ಯೋಳ್ತಿದ್ಲು, ನಾನಿದ್ರೂ ಇರ್ದಿದ್ರೂ ಮಾರ್ನಮಿ ದಿನ ಇತ್ಲ ಬಾಗ್ಲ್ಗ ಅಗಣಿ ಆಕ್ಬ್ಯಾಡಿ ಅಂತ. ಇರೀಕ್ರು ಅತ್ಲಿಂದ್ಲೇ ಬರದು ಅಂತ."

"ದೀಪಾವಳಿಗೆ ಬಾ ಅಂತ ಏನಾದರೂ—"

"ಇಲ್ಲ ಕಣವ್ವ. ಕೇಳ್ದಿ ನಾನು. ಮಗ್ಳ ಕರಿಯಲ್ವಾ ರಾಚಮ್ಮ ಅಂದಿ. ಸತ್ತೋರ್ನ ಯಾರ್ ಕರಿತಾರ ಅಂದ್ಬುಟ್ಟು ಒಳಕೋದ್ಲು."

ಸೀರೆ ತಗೊಳ್ಳಲಿಲ್ಲ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ವರ್ಷಕ್ಕೊಂದು ದಿನ ಸತ್ತರೆ ಅವ್ವ ಸಿಗ್ತಾಳೆ. ಉಳಿದ ಹಬ್ಬಗಳಲ್ಲಿ ಬದುಕಿದ್ದು ಬಸ್ ಸ್ಟ್ಯಾಂಡು. ಇದಕ್ಕೆ ಒಪ್ಪಬಾರದು. ಇಪ್ಪತ್ತಾರು ವರ್ಷದವಳು, ಸರ್ಕಾರಿ ಕೆಲಸ, ಯಾಕೆ ಒಪ್ಪಬೇಕು? ಒಪ್ಪಲ್ಲ.

ಇಳಿದವಳು ನೇರ ಅಂಗಡಿಗೆ ಹೋಗಿ, ಮುಂದಿನ ವರ್ಷದ ಮಾರ್ನಮಿ ಅಮಾವಾಸ್ಯೆ ಯಾವ ತಾರೀಕು ಅಂತ ಕೇಳಿದೆ. ಹೊಸ ಕ್ಯಾಲೆಂಡರ್ ಇನ್ನೂ ಬಂದಿಲ್ಲ ಟೀಚರ್ ಅಂದ. ಯಾವಾಗ ಬರುತ್ತೆ ಅಂದೆ. ಡಿಸೆಂಬರ್ ಆಗಲಿ ಅಂದ. ಬಂದ ತಕ್ಷಣ ಒಂದು ನನಗೆ ಎತ್ತಿಡು ಅಂದೆ, ಮರೀಬೇಡ, ಯಾರಿಗೂ ಕೊಡಬೇಡ, ನನಗೆ ಆ ದಿನ ಲೀವ್ ಹಾಕಬೇಕು, ಮುಂಚೆಯೇ ಗೊತ್ತಿದ್ದರೆ ಒಳ್ಳೇದು ಅಂದೆ.