ತಾಂತಾದವರು ನಿಜಕ್ಕೂ ಬಂದರು

ಬಹರಿ, ಅಲೆಕ್ಸಾಂಡ್ರಿಯ
೧೯ ಜುಲೈ ೧೯೯೬

ಪ್ರೀತಿಯ ತಂಗಿ ಇನಾಯತ್‌ಗೆ,

ನಿನ್ನ ಬಹೀಗಾ ಅಕ್ಕನ ಸಲಾಮು. ಅಸ್ಯೂತಿನ ಬಿಸಿಲು ನಿನ್ನನ್ನು ಬಾಡಿಸದಿರಲಿ. ಕಾಗದ ತಡವಾಯಿತು, ಕ್ಷಮಿಸು. ಬರೆಯೋಣವೆಂದರೆ ನನ್ನ ಮೇಜಿನ ಮೇಲೆ ಇಷ್ಟು ದಿನ ಬೇರೆಯವರ ಒದ್ದೆ ಟವೆಲ್ಲುಗಳು ಒಣಗುತ್ತಿದ್ದವು.

"ಈಗ ಬರಬೇಡ, ಮನೆ ತುಂಬಿದೆ" ಎಂದು ನಾನು ಫೋನಿನಲ್ಲಿ ಹೇಳಿದಾಗ ನೀನು "ಪರವಾಗಿಲ್ಲ ಬಿಡಕ್ಕ" ಎಂದೆ. ಎಷ್ಟು ಬೇಗ ಹಾಗೆಂದೆ ನೀನು! ಅದೇ ನನಗೆ ಚುಚ್ಚುತ್ತಿದೆ. ನಿನ್ನ ಗಂಡ ತೀರಿಕೊಂಡಾಗಿನಿಂದ ಕರೆದೂ ಕರೆದೂ, ಕೊನೆಗೊಮ್ಮೆ ನೀನು ಒಪ್ಪಿದ್ದೆ. ಒಪ್ಪಿದವಳನ್ನು ನಾನೇ ತಡೆಯಬೇಕಾಯಿತು. ನಿನ್ನ ಮನಸ್ಸು ತಿರುಗುವ ಮೊದಲು ಈ ನೆಂಟರನ್ನು ಸಾಗಹಾಕಬೇಕೆಂದು ಪಟ್ಟ ಪಾಡನ್ನು ಕೇಳು.

ಬಂದವರು ನಿನ್ನ ಕಡೆಯವರೇ. ನಿನ್ನ ಗಂಡನ ಚಿಕ್ಕಪ್ಪನ ಮಗ, ತಾಂತಾ ಊರಿನ ಮಿತ್ವಲ್ಲಿ. ಜೊತೆಗೆ ಅವನ ಹೆಂಡತಿ ಸನಿಯಾ, ತಾಯಿ ಹಮೀದಾ. ಆವತ್ತು ದುಃಖ ವಿಚಾರಿಸಲು ಎಲ್ಲರೂ ಸೇರಿದ್ದಾಗ ನಿನ್ನ ಕೈ ಹಿಡಿದು "ಅಲೆಕ್ಸಾಂಡ್ರಿಯಕ್ಕೆ ಬಂದುಬಿಡು, ಆ ಮನೆ ನಿನ್ನದೇ" ಎಂದಿದ್ದೆನಲ್ಲ? ಪಕ್ಕದಲ್ಲೇ ಇವರೂ ಕೂತಿದ್ದರು. ಇವರಿಗೂ ಒಂದು ಮಾತು ಹೇಳದಿದ್ದರೆ ಚೆನ್ನಾಗಿರದೆಂದು "ನೀವೂ ಬನ್ನಿ, ಮನೆ ನಿಮ್ಮದೇ" ಎಂದು ಸೇರಿಸಿದೆ. ನಡುನೀರಿನ ಅಂಬಿಗ ದಡದಲ್ಲಿ ನಿಂತವನಿಗೆ "ಊಟಕ್ಕೆ ಬಾರಪ್ಪ" ಎಂದು ಕೂಗುವಂಥ ಕರೆ ಅದು. ಈ ದೇಶದಲ್ಲಿ ಹಾಲು ಕುಡಿಯುವ ಮಗುವಿಗೂ ಅದರ ಅರ್ಥ ಗೊತ್ತು. ಮಿತ್ವಲ್ಲಿ ಮಾತ್ರ ಈಜಿಕೊಂಡು ಬಂದು ದೋಣಿ ಹತ್ತಿಬಿಟ್ಟ.

ಬಾಗಿಲು ತೆರೆದರೆ ಕಂಕುಳಲ್ಲಿ ಕಲ್ಲಂಗಡಿ, ಮುಖದ ತುಂಬ ನಗು. "ಕರೆದೂ ಬರದಿದ್ರೆ ನೀವು ನೊಂದ್ಕೋತೀರ ಅಂತ ಬಂದ್ಬಿಟ್ವಿ, ಟೀಚರಮ್ಮ!"

ಹೋಗಿ ಎಂದು ನೆಂಟರಿಗೆ ಹೇಳುವಂತಿಲ್ಲ. ಆದರೆ ಸುಸ್ತುಮಾಡಬಹುದು. ಇತಿಹಾಸದ ಟೀಚರಾಗಿ ತರಗತಿ ತರಗತಿಗಳನ್ನೇ ನಿದ್ದೆಗೆ ಕಳಿಸಿದವಳು ನಾನು. ಮೂವರು ಯಾವ ಲೆಕ್ಕ ಎಂದುಕೊಂಡೆ.

ಮೊದಲು, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಪಾಂಪೆಯ ಕಂಬದ ಕೆಳಗೆ ನಿಲ್ಲಿಸಿದೆ. ಅದು ಪಾಂಪೆಯದಲ್ಲ, ಡಯೊಕ್ಲೀಷಿಯನ್ ಚಕ್ರವರ್ತಿಯ ಗೌರವಕ್ಕೆ ನಿಲ್ಲಿಸಿದ್ದು, ಇಷ್ಟು ಶತಮಾನಗಳಿಂದ ಊರಿಗೆ ಊರೇ ತಪ್ಪು ಹೆಸರು ಹೇಳುತ್ತಿದೆ ಎಂದು ರೇಗಿಕೊಂಡು ಪಾಠ ಮಾಡಿದೆ. ಮುದುಕಿ ಕೊಡೆ ಬಿಚ್ಚಿ ಕಂಬದ ಬುಡದಲ್ಲೇ ಕೂತು, "ನಮ್ಮ ಬೀದೀಲೂ ಹಂಗೇ ಕಣಮ್ಮ. ಮನೆ ಕಟ್ಟಿಸಿದವನೊಬ್ಬ, ಹೆಸರು ಬಾಡಿಗೆಯವನದು" ಎಂದಳು. ಸನಿಯಾ ನೆನೆಸಿದ ತುರ್ಮುಸ್ ಕಾಳಿನ ಪೊಟ್ಟಣ ಬಿಚ್ಚಿದಳು. "ಆಮೇಲೆ ಏನಾಯ್ತು, ಟೀಚರಮ್ಮ?"

ನನ್ನ ಇಡೀ ಸೇವೆಯಲ್ಲೇ ಯಾರೂ ಹಾಗೆ ಕೇಳಿರಲಿಲ್ಲ.

ಮರುದಿನ ಶುಕಾಫಾ ದಿಬ್ಬದ ನೆಲದಡಿಯ ಸಮಾಧಿಗಳಿಗೆ ಇಳಿಸಿದೆ. ಮಂಡಿನೋವಿನ ಹಮೀದಾ ಆ ಸುರುಳಿ ಮೆಟ್ಟಿಲು ನೋಡಿ ತಾಂತಾ ನೆನೆಸಿಕೊಳ್ಳುತ್ತಾಳೆಂದು ನಂಬಿದ್ದೆ. ಕತ್ತೆಯೊಂದು ಗುಂಡಿಗೆ ಬಿದ್ದು ಈ ಜಾಗ ಪತ್ತೆಯಾಯಿತಂತೆ ಎಂದದ್ದೇ ತಡ, "ಕತ್ತೆ ಇಳಿದ ಮೇಲೆ ನಂಗೇನು ದಾಡಿ?" ಎನ್ನುತ್ತ ನನಗಿಂತ ಮುಂಚೆ ಇಳಿದಳು. ಒಳಗೆ, ಸತ್ತವರ ನೆಂಟರು ಬಂದು ಉಣ್ಣುತ್ತಿದ್ದ ಕಲ್ಲಿನ ಜಗಲಿ ತೋರಿಸಿ, "ಅವರು ಉಂಡು ಅವತ್ತೇ ಹೊರಟುಹೋಗುತ್ತಿದ್ದರು" ಎಂದು ಒತ್ತಿ ಹೇಳಿದೆ.

"ಅಯ್ಯೋ, ಆತಿಥ್ಯ ಮಾಡೋಕೆ ಮನೆಯವರು ಬದುಕಿರಲಿಲ್ವಲ್ಲ ಪಾಪ!" ಎಂದು ಮಿತ್ವಲ್ಲಿ ಕನಿಕರಪಟ್ಟ.

ಮೂರನೆಯ ಅಸ್ತ್ರ ಕಡಲ ದಂಡೆಯ ನಡಿಗೆ. ಕೋಟೆಯಿಂದ ಹೊರಟು, ಕಾಲು ಬಿದ್ದುಹೋಗುವವರೆಗೆ. ದಾರಿಯಲ್ಲಿ ಹೊಸದೊಂದು ಕಾಫಿ ಅಂಗಡಿ ಸಮುದ್ರಕ್ಕೆ ಅಡ್ಡವಾಗಿ ಗೋಡೆ ಎಬ್ಬಿಸಿದೆ. ನಮ್ಮಪ್ಪ ಗಾಳ ಹಾಕಿ ಕೂರುತ್ತಿದ್ದ ಜಾಗ ಅದೇ. ನೀನು ಅವರ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದದ್ದೂ ಅಲ್ಲೇ. ಈಗ ಚಹಾ ಕೊಂಡವರಿಗಷ್ಟೇ ಸಮುದ್ರವಂತೆ! ಮಾತು ತಡೆಯಲಾಗಲಿಲ್ಲ.

"ಏನಪ್ಪಾ, ಈ ನೀರು ನಿಮ್ಮ ಯಜಮಾನರು ತುಂಬಿಸಿದ್ದೋ?" ಎಂದೆ ಕಾವಲುಗಾರನಿಗೆ.

"ಅಮ್ಮಾ, ನಾನು ಬರೀ ಬಾಗಿಲು ಕಾಯೋನು."

"ಬಾಗಿಲು ಕಾಯಿ. ಸಮುದ್ರ ಯಾಕಪ್ಪ ಕಾಯ್ತೀಯ?"

ಮಿತ್ವಲ್ಲಿ ನನ್ನ ಪಕ್ಕ ಬಂದು ಎದೆಯುಬ್ಬಿಸಿ ನಿಂತ. ಹಮೀದಾ ಕೊಡೆಯಿಂದ ಗೋಡೆಗೆ ಎರಡು ಬಾರಿಸಿದಳು. ಜನ ಸೇರಿದರು. ಕಾವಲುಗಾರ ಸುಸ್ತಾಗಿ ಹಿಂಬಾಗಿಲಿನಿಂದ ನಮ್ಮನ್ನು ಒಳಗೆ ಬಿಟ್ಟ. ಕಾಲು ನೀರಿಗೆ ಇಳಿಬಿಟ್ಟು ನಾವು ನಾಲ್ವರೂ ಕತ್ತಲಾಗುವವರೆಗೆ ಕೂತೆವು. "ಕೈರೋದಲ್ಲಿ ಮೃಗಾಲಯ ನೋಡಿದ್ದೆ. ಇಷ್ಟು ಮಜಾ ಬಂದಿರಲಿಲ್ಲ" ಎಂದಳು ಸನಿಯಾ. ನನಗೂ ಬಂದಿರಲಿಲ್ಲ. ಇದನ್ನು ಯಾರಿಗೂ ಹೇಳಬೇಡ. ನಿನ್ನ ಮುಖ ಮಾತ್ರ ಅಲ್ಲಿ ಇಲ್ಲವಲ್ಲ ಎಂದು ಸಂಕಟವಾಯಿತು.

ಅಂತೂ ಇವತ್ತು ಬೆಳಿಗ್ಗೆ ಹೊರಟರು. ಕಾರಣ ಮಿತ್ವಲ್ಲಿಯ ರಜೆ ಮುಗಿದದ್ದು. ನನ್ನ ಯುದ್ಧತಂತ್ರಕ್ಕೆ ಅದರ ಕೀರ್ತಿ ಸಲ್ಲುವುದಿಲ್ಲ. ಬೇಡದ ನೆಂಟರ ಬೆನ್ನ ಹಿಂದೆ ಅಮ್ಮ ಹೂಜಿ ಒಡೆಯುತ್ತಿದ್ದಳಲ್ಲ, ಮತ್ತೆ ಬರದಿರಲಿ ಎಂದು? ನಾನೂ ನೀರಿನ ಹೂಜಿ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದೆ. ಎದುರುಮನೆಯವಳು "ಹಾಕು, ಹಾಕು!" ಎಂದು ಹುರಿದುಂಬಿಸಿದಳು. ಗಾಡಿ ತಿರುವು ದಾಟಿತು. ನಾನು ಒಡೆಯಲಿಲ್ಲ. ಒಂದು ಗುಟುಕು ನೀರು ಕುಡಿದು ಒಳಗೆ ತಂದಿಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆಯ ದೀಪ ಬೆಳಗುತ್ತಿರಲಿ, ನಿನ್ನ ಕಣ್ಣಿಗೆ ನಿದ್ದೆ ಬರಲಿ, ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಅಕ್ಕ,
ಬಹೀಗಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಮೆಟ್ಟಿಲಿಳಿಯುವ ಮುಂಚೆ ಸನಿಯಾ ನನ್ನನ್ನು ಅಪ್ಪಿಕೊಂಡು ಹೇಳಿದಳು: "ಇನಾಯತ್ ಬೇಡ ಅಂದಿದ್ಲು, ಟೀಚರಮ್ಮ. 'ಅಕ್ಕ ಬಾಯಿಮಾತಿಗೆ ಕರೀತಾಳೆ, ನನ್ನನ್ನೂ ಹಂಗೇ ಕರೀತಾಳೆ, ನಂಬ್ಕೊಂಡು ಹೋಗ್ಬೇಡಿ' ಅಂತ. ನಾವು ನಂಬಿ ಬಂದ್ವಿ. ಒಳ್ಳೇದೇ ಆಯ್ತು, ಅಲ್ವಾ?"

ಅದಕ್ಕೇ ಅಷ್ಟು ಬೇಗ "ಪರವಾಗಿಲ್ಲ" ಎಂದೆಯಾ? ಆವತ್ತು ನಾನು ಒಂದೇ ಉಸಿರಿನಲ್ಲಿ ಎರಡು ಮಾತು ಆಡಿದೆ, ಇನಾಯತ್. ಮರ್ಯಾದೆಗೆ ಆಡಿದ್ದನ್ನು ಅವರು ನಂಬಿದರು. ಕರುಳಿನಿಂದ ಆಡಿದ್ದನ್ನು ನೀನು ನಂಬಲಿಲ್ಲ.

ಇನ್ನು ನಾನು ಕರೆಯುವುದಿಲ್ಲ. ಗುರುವಾರದ ರೈಲಿಗೆ ಅಸ್ಯೂತಿಗೆ ಬರುತ್ತಿದ್ದೇನೆ. ನೀನು ನನ್ನನ್ನು ಕರೆದಿಲ್ಲ, ಗೊತ್ತು. ಬಟ್ಟೆ ಕಟ್ಟಿಟ್ಟುಕೊಂಡಿರು. ನೀನು ಹೊರಡುವವರೆಗೆ ನಾನು ನಿನ್ನ ಮನೆಯಿಂದ ಏಳುವುದಿಲ್ಲ.